ಪೆಟ್ಟಿಗೆಯ ಹಣೆಗೆ ಮೂರು ಗೆರೆ

ಕಲ್ಲಯ್ಯನವರ ಬಲಗೈಯ ನಡುಬೆರಳು ಒಂದು ಗೆಣ್ಣು ಗಿಡ್ಡವೆಂಬುದು ಖಾನಾಪುರದ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದು ಭಾರತ ಸರ್ಕಾರದ ಕಾಗದಪತ್ರದಲ್ಲೂ ಸೇರಿಹೋಗಿದೆ ಎಂಬುದು ಮಾತ್ರ ಕೆಲವರಿಗಷ್ಟೇ ಗೊತ್ತಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದನ್ನು ಕಲ್ಲಯ್ಯನವರೇ ಹೇಳಿದ್ದರು.

ಮನೆತನ ಜಂಗಮರದು. ಹೊಸ ಮನೆ, ಹೊಸ ಎತ್ತು, ಹೊಸ ಕೂಸು, ಹೀಗೆ ಓಣಿಗೆ ಏನೇ ಹೊಸದು ಬಂದರೂ ಅಯ್ಯನವರನ್ನು ಕರೆದು ವಿಭೂತಿ ಹಚ್ಚಿಸುವುದು ರೂಢಿ. ಆದರೆ ಮನೆ, ಎತ್ತು, ಕೂಸು ದಿನಾ ಬರುವುದಿಲ್ಲ, ಹಸಿವು ದಿನಾ ಬರುತ್ತದೆ. ಆದ್ದರಿಂದ ಕಲ್ಲಯ್ಯನವರು ರೈಲು ಸ್ಟೇಷನ್ನಿನ ಹಿಂದಿದ್ದ ಕಟ್ಟಿಗೆ ಮಿಲ್ಲಿನಲ್ಲಿ ಮುಕಾದಮರಾಗಿ ಆಳುಗಳ ಮೇಲುಸ್ತುವಾರಿ ನೋಡಿಕೊಂಡಿದ್ದರು. ಬೆರಳು ಹೋದದ್ದು ಅಲ್ಲಿಯೇ, ಗರಗಸದ ಚಕ್ರಕ್ಕೆ. ಅವತ್ತು ಅವರು ಡಾಕ್ಟರರಿಗೆ ಕೇಳಿದ ಮೊದಲ ಪ್ರಶ್ನೆ, ಇನ್ನು ಮುಂದೆ ವಿಭೂತಿ ಹಚ್ಚಲು ಬರುತ್ತದೆಯೋ ಇಲ್ಲವೋ ಎಂದು. ಗಾಯ ಮಾಯ್ದ ಮೇಲೆ ಡಾಕ್ಟರರ ಹಣೆಗೇ ಹಚ್ಚಿ ನೋಡಿದರು. ಬಂತು. ಮೇಲಿನ ಗೆರೆ, ಕೆಳಗಿನ ಗೆರೆ ಮೊದಲಿನಂತೆಯೇ ಇದ್ದವು. ನಡುವಿನ ಗೆರೆ ಮಾತ್ರ ಸಾಲಿಗೆ ತಡವಾಗಿ ಬಂದ ಹುಡುಗನಂತೆ ಒಂದು ಬೆರಳಗಲ ಹಿಂದಿನಿಂದ ಶುರುವಾಗುತ್ತಿತ್ತು. ಓಣಿಯವರಿಗೆ ಅದೇ ರೂಢಿಯಾಯಿತು. ಕೂಸಿನ ಹಣೆ ನೋಡಿ, ಕಲ್ಲಯ್ಯನವರು ಬಂದು ಹೋದರೇನು ಎಂದು ಕೇಳುವವರೂ ಇದ್ದರು.

ಮಿಲ್ಲಿನ ಮಾಲಕರು ಬಾಳಕೃಷ್ಣಪಂತರು. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ವಾರಕ್ಕೆರಡು ಸಲ ರೈಲಿನಲ್ಲಿ ಬಂದು, ಕಟ್ಟಿಗೆಯ ವಾಸನೆ ನೋಡಿ, ಮನೆಯಿಂದ ತಂದ ಡಬ್ಬಿಯ ಊಟ ಮಾಡಿ ಹೋಗುತ್ತಿದ್ದರು. ೧೯೭೧ರ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಒಂದು ಸರ್ಕಾರಿ ಕೆಲಸ ಹಿಡಿದುಕೊಂಡು ಬಂದರು. ಪುಣೆಯ ಕಡೆಯ ಒಂದು ಕಾರ್ಖಾನೆಗೆ ತೋಪಿನ ಗುಂಡು ತುಂಬುವ ಕಟ್ಟಿಗೆ ಪೆಟ್ಟಿಗೆ ಬೇಕಾಗಿದ್ದವು. ಅಲ್ಲಿಯವರೆಗೆ ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡಿಕೊಂಡಿದ್ದ ಮಿಲ್ಲು ಮತ್ತಿ ಮರದ ಹಲಗೆ ಕೊಯ್ಯತೊಡಗಿತು.

ಮೊದಲ ಪೆಟ್ಟಿಗೆ ತಯಾರಾದ ದಿನ ಕಲ್ಲಯ್ಯನವರು ಮಿಂದು ಬಂದರು. ಹೊಸ ವಸ್ತು, ಅದರಲ್ಲೂ ದೇಶದ ಕೆಲಸದ್ದು, ಸುಮ್ಮನೆ ಹೇಗೆ ಕಳಿಸುವುದು? ಮುಚ್ಚಳದ ಒಳಮೈಗೆ, ಅಂದರೆ ಅವರ ಲೆಕ್ಕದಲ್ಲಿ ಪೆಟ್ಟಿಗೆಯ ಹಣೆಗೆ, ಮೂರು ಬೆರಳಿನಿಂದ ವಿಭೂತಿ ಎಳೆದರು. ಹಿರಿಯ ಬಡಿಗ ಲಕ್ಷ್ಮಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ.

"ಅಯ್ಯಾರ, ಪೆಟ್ಟಿಗಿಗೂ ದೀಕ್ಷಾ ಕೊಟ್ರ್ಯಾ? ಇನ್ನ ಇದು ಲಿಂಗಪೂಜಿ ಆಗೋತನಕ ಗುಂಡ ನುಂಗೂದಿಲ್ಲ ನೋಡ್ರಿ."

ಕಲ್ಲಯ್ಯನವರು ಮುಚ್ಚಳ ಮುಚ್ಚಿ ಮುಂದಿನದನ್ನು ತರಿಸಿದರು. ಎರಡನೆಯ ಪೆಟ್ಟಿಗೆಗೂ ಹಚ್ಚಿದರು, ನೂರನೆಯದಕ್ಕೂ ಹಚ್ಚಿದರು. ಒಣ ವಿಭೂತಿ ಉದುರುತ್ತದೆ ಎಂದು ಕಂಡಮೇಲೆ ಬಿಳಿ ಬಣ್ಣದ ಡಬ್ಬಿಯಲ್ಲಿ ಒಂದು ಚಿಟಿಕೆ ವಿಭೂತಿ ಕಲೆಸಿಟ್ಟುಕೊಂಡು ಅದರಲ್ಲಿ ಬೆರಳದ್ದತೊಡಗಿದರು. ಆ ಡಿಸೆಂಬರಿನಲ್ಲಿ ಯುದ್ಧವಾಗಿ, ಹದಿಮೂರು ದಿನಕ್ಕೆ ಗೆದ್ದು ಮುಗಿಯಿತು. ಗೆಲುವಿನಲ್ಲಿ ತನ್ನ ಪಾಲೆಷ್ಟು ಎಂದು ಕಲ್ಲಯ್ಯನವರು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಯಾರಾದರೂ ಸೈನ್ಯದ ಮಾತೆತ್ತಿದರೆ, ಬಲಗೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಕೂಡುತ್ತಿದ್ದರು.

ಮರುವರ್ಷ ಕಾರ್ಖಾನೆಯಿಂದ ಇನ್‌ಸ್ಪೆಕ್ಟರ್ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಮುಚ್ಚಳ ತೆಗೆಸಿ, ಈ ಮೂರು ಗೆರೆ ಏನು ಎಂದು ಹಿಂದಿಯಲ್ಲಿ ಕೇಳಿದರು. ಬಾಳಕೃಷ್ಣಪಂತರು ಒಳಗೊಳಗೇ ಲೆಕ್ಕ ಹಾಕಿದರು. ದೇವರ ಗುರುತು ಎಂದರೆ ಕೆಲಸ ಹೋಗಬಹುದು, ಗೊತ್ತಿಲ್ಲ ಎಂದರೆ ಖಂಡಿತ ಹೋಗುತ್ತದೆ. ಪಾಸಾದ ಗುರುತು ಸಾಹೇಬ್, ನಮ್ಮ ಮುಕಾದಮರು ಒಂದೊಂದೇ ಪೆಟ್ಟಿಗೆ ನೋಡಿ ಸರಿಯಿದ್ದರೆ ಮಾತ್ರ ಹಾಕುತ್ತಾರೆ ಎಂದುಬಿಟ್ಟರು. ಸಾಹೇಬರಿಗೆ ಬಹಳ ಸಂತೋಷವಾಯಿತು. ಪಟ್ಟಿ ತೆಗೆದು ಗೆರೆ ಅಳೆದರು, ಬರೆದುಕೊಂಡರು. ಮೂರು ತಿಂಗಳಿಗೆ ನೀಲಿ ಕಾಗದದ ಮೇಲೆ ಒಂದು ನಕ್ಷೆ ಬಂತು. ಮುಚ್ಚಳದ ಒಳಮೈಗೆ ಮೂರು ಬಿಳಿ ಗೆರೆ ಇರತಕ್ಕದ್ದು. ಮೇಲಿನದು ನಾಲ್ಕು ಇಂಚು, ನಡುವಿನದು ಮೂರು, ಕೆಳಗಿನದು ನಾಲ್ಕು. ಈ ಗುರುತಿಲ್ಲದ ಪೆಟ್ಟಿಗೆಯನ್ನು ಸ್ವೀಕರಿಸತಕ್ಕದ್ದಲ್ಲ.

ಹೀಗೆ ವಿಭೂತಿ ಕಾಯಿದೆಯಾಯಿತು. ಕಲ್ಲಯ್ಯನವರು ನಕ್ಷೆಯ ಒಂದು ಪ್ರತಿ ಕೇಳಿ ತೆಗೆದುಕೊಂಡು, ಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ತೂಗುಹಾಕಿ, ಅದರ ಗಾಜಿಗೂ ಮೂರು ಬೆರಳು ಎಳೆದರು. ಅವರ ಹೆಂಡತಿ ಗಂಗಾದೇವಿ ಅದನ್ನು ನೋಡಿ, ಸರ್ಕಾರಕ್ಕ ಬ್ಯಾರೆ ಕೆಲಸ ಇಲ್ಲೇನು ಎಂದಳಂತೆ. ಆಕೆಗೆ ಗಂಡನ ಕಾಲು ನೆಲ ಬಿಡದಂತೆ ನೋಡಿಕೊಳ್ಳುವ ಕಲೆ ಗೊತ್ತಿತ್ತು. ೧೯೭೫ರಲ್ಲಿ ಆಕೆ ಕಾಮಾಲೆಯಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ಕಲ್ಲಯ್ಯನವರು ಸಂಜೆ ಒಲೆ ಹೊತ್ತಿಸಿ, ಒಂದು ರೊಟ್ಟಿ ಬಡಿದು, ನಕ್ಷೆಯ ಎದುರು ಕುಳಿತು ಉಣ್ಣುತ್ತಿದ್ದರು. ಪೆಟ್ಟಿಗೆಗಳೇ ಈಗ ಅವರ ಸಂಸಾರ. ಅಷ್ಟು ದೊಡ್ಡ ಸಂಸಾರದಲ್ಲಿ ಒಂದೂ ಮನೆಗೆ ತಿರುಗಿ ಬರುತ್ತಿರಲಿಲ್ಲ, ಅಷ್ಟೆ.

೧೯೭೮ರಲ್ಲಿ ಬಾಳಕೃಷ್ಣಪಂತರು ನಗುತ್ತಾ ರೈಲಿನಿಂದ ಇಳಿದರು.

"ಸ್ವಾಮೀ, ನಿಮ್ಮ ಕೈ ಇನ್ನ ಫಾರಿನ್ನಿಗೆ ಹೊಂಟೈತಿ ನೋಡ್ರಿ."

ಸರ್ಕಾರ ಪರದೇಶಕ್ಕೆ ಮದ್ದುಗುಂಡು ಮಾರುವುದಿತ್ತು. ಯಾವ ದೇಶ ಎಂದು ಕೇಳಿದರೆ ಪಂತರು ಮಿತ್ರ ದೇಶ ಎಂದರು. ಅವರಿಗೆ ಹೇಳಿದ್ದೂ ಅಷ್ಟೇ. ಈ ಕೆಲಸಕ್ಕೆ ಒಂದು ಹೊಸ ಶರತ್ತಿತ್ತು. ಪೆಟ್ಟಿಗೆಯ ಮೇಲೆ ಕಾರ್ಖಾನೆಯ ನಂಬರು, ಊರು, ಇಸವಿ, ಅಶೋಕ ಸ್ತಂಭ, ಯಾವುದೂ ಇರಬಾರದು. ಮಾರಿದವರು ಯಾರು ಎಂದು ಪೆಟ್ಟಿಗೆ ಬಾಯಿ ಬಿಡಬಾರದು. ಹಾಗಾದರೆ ಮೂರು ಗೆರೆ? ಪಂತರು ಪತ್ರ ಬರೆದು ಕೇಳಿದರು. ಹಳೆಯ ನಕ್ಷೆಯನ್ನು ಯಾರೂ ರದ್ದು ಮಾಡಿಲ್ಲವಾದ್ದರಿಂದ ಅದು ಜಾರಿಯಲ್ಲಿದೆ ಎಂದು ಉತ್ತರ ಬಂತು. ಅಕ್ಷರಗಳೆಲ್ಲ ಹೋದವು, ಗೆರೆಗಳು ಉಳಿದವು.

"ಸರ್ಕಾರ ತನ್ನ ಹೆಸರ ಅಳಿಸಿ ನನ್ನದಷ್ಟ ಇಟ್ಟೈತಿ," ಎಂದು ಕಲ್ಲಯ್ಯನವರು ಚಹಾದಂಗಡಿಯಲ್ಲಿ ಹೇಳಿದರು. ಆ ದಿನ ಅವರು ಎರಡು ಕಪ್ಪು ಚಹಾ ಕುಡಿದರು.

ತುಂಬಿದ ಪೆಟ್ಟಿಗೆಗಳು ಪುಣೆಯಿಂದ ಗೋವೆಯ ಮುರಗಾಂವ್ ಬಂದರಿಗೆ ಹೋಗುವಾಗ ಮತ್ತೆ ಖಾನಾಪುರದ ಮೇಲೆಯೇ ಹಾಯಬೇಕು. ಆ ಗೂಡ್ಸ್ ಗಾಡಿ ಖಾನಾಪುರದಲ್ಲಿ ನಿಲ್ಲುತ್ತಿರಲಿಲ್ಲ. ಎದುರಿನ ಗಾಡಿಗೆ ದಾರಿ ಬಿಡಲು ಮುಂದೆ ಗುಂಜಿಯಲ್ಲಿ, ಕಾಡಿನ ಅಂಚಿನಲ್ಲಿ, ತಾಸುಗಟ್ಟಲೆ ನಿಲ್ಲುತ್ತಿತ್ತು. ಗಾಡಿ ಬರುವ ಸುದ್ದಿ ತಿಳಿದ ದಿನ ಕಲ್ಲಯ್ಯನವರು ಪ್ಯಾಸೆಂಜರ್ ಹಿಡಿದು ಗುಂಜಿಗೆ ಹೋಗಿ, ತಾಡಪತ್ರಿ ಹೊದ್ದ ಗಾಡಿಯ ಡಬ್ಬಿಗಳ ಎದುರು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕೈ ಎತ್ತುತ್ತಿದ್ದರು. ಬಂದೂಕಿನ ಕಾವಲುಗಾರನೊಬ್ಬ ಒಮ್ಮೆ ಇವರನ್ನು ಕಳ್ಳರೆಂದು ಅಟ್ಟಿಸಿಕೊಂಡು ಬಂದ. ನಾನು ಇದರೊಳಗಿನವನು ಎಂದು ಕಲ್ಲಯ್ಯನವರು ಗಿಡ್ಡ ಬೆರಳು ತೋರಿಸಿದರು. ಅವನಿಗೆ ಬೆರಳೂ ತಿಳಿಯಲಿಲ್ಲ, ಕನ್ನಡವೂ ತಿಳಿಯಲಿಲ್ಲ.

ಹೀಗೆ ನಾಲ್ಕು ವರ್ಷ ಸಾಗಿತು. ೧೯೮೨ರ ಶ್ರಾವಣದಲ್ಲಿ ಕೆಲಸದ ಮಾತಿಗೆಂದು ಅವರು ಟಿಳಕವಾಡಿಗೆ ಹೋದರು. ಪಂತರು ಇನ್ನೂ ಸ್ನಾನದಲ್ಲಿದ್ದರು. ಜಗಲಿಯ ಬೆತ್ತದ ಕುರ್ಚಿಯ ಮೇಲೆ ಒಂದು ಇಂಗ್ಲಿಷ್ ವಾರಪತ್ರಿಕೆ ಬಿದ್ದಿತ್ತು. ಕಲ್ಲಯ್ಯನವರಿಗೆ ಇಂಗ್ಲಿಷ್ ಬಾರದು, ಚಿತ್ರ ಓದುತ್ತಿದ್ದರು.

ಕುಸಿದ ಒಂದು ಗೋಡೆ. ಅದರ ಮುಂದೆ ಇಬ್ಬರು ಗಂಡಸರು ಒಂದು ಹಲಗೆ ಹೊತ್ತುಕೊಂಡು ನಡೆದಿದ್ದಾರೆ. ಹಿಂದೆ ಒಬ್ಬ ಹೆಂಗಸು, ಬಾಯಿ ತೆರೆದಿದೆ. ಹಲಗೆಯ ಮೇಲೆ ಬಟ್ಟೆ ಮುಚ್ಚಿದ ಒಂದು ಸಣ್ಣ ದೇಹ. ಎರಡು ಮೊಳವೂ ಇಲ್ಲ. ತಲೆಯ ಕಡೆ ಬಟ್ಟೆ ಸಾಲದೆ ಹಲಗೆ ಒಂದು ಗೇಣು ಹೊರಗೆ ಕಾಣುತ್ತಿತ್ತು. ಅದರ ಮೇಲೆ ಮೂರು ಬಿಳಿ ಗೆರೆ. ನಡುವಿನದು ಒಂದು ಬೆರಳಗಲ ಹಿಂದಿನಿಂದ ಶುರುವಾಗಿತ್ತು.

ಪಂತರು ತಲೆ ಒರೆಸಿಕೊಳ್ಳುತ್ತಾ ಬಂದಾಗ ಕಲ್ಲಯ್ಯನವರು ಎದ್ದು ನಿಲ್ಲಲಿಲ್ಲ. ಅದು ಎಂದೂ ಆಗದ ಮಾತು.

"ಇದು ನಮ್ಮ ಪೆಟ್ಟಿಗಿ ಮುಚ್ಚಳ್ರೀ, ಮಾಲಕರ."

ಪಂತರು ಕನ್ನಡಕ ತರಿಸಿ ಚಿತ್ರದ ಕೆಳಗಿನ ಸಾಲು ಓದಿದರು. ಊರ ಮೇಲೆ ಗುಂಡು ಬಿದ್ದು ಸತ್ತವರ ಮಾತು ಅಲ್ಲಿತ್ತು. ಅವರ ಮುಖ ಸಡಿಲಾಯಿತು. "ಅಹೋ ಸ್ವಾಮಿ, ಇದು ನಮ್ಮ ಮಿತ್ರ ದೇಶನ ಅಲ್ಲ. ಈ ದೇಶಕ್ಕ ನಾವು ಕೊಟ್ಟೇ ಇಲ್ಲ."

"ನಾವು ಕೊಟ್ಟವರು ಇವರಿಗಿ ಕೊಟ್ಟಿರಬೇಕ್ರಿ."

"ಅದು ನಮಗ್ಯಾಕ ಬೇಕು? ಹಲಗಿ ನಮ್ದು, ಮದ್ದು ಸರ್ಕಾರದ್ದು, ಬಡಿದಾಟ ಅವರದು." ಇಷ್ಟು ಹೇಳಿ ಪಂತರು ಒಳಗೆ ಚಹಾಕ್ಕೆ ಕೂಗಿದರು. ಕೆಟ್ಟ ಮನುಷ್ಯರೇನಲ್ಲ. ಕಲ್ಲಯ್ಯನವರು ಆ ಹಾಳೆ ಕೇಳಿದಾಗ ಹರಿದು ಕೊಟ್ಟರು. ಅದರ ಹಿಂದೆ ಸಾಬೂನಿನ ಜಾಹೀರಾತಷ್ಟೇ ಇತ್ತು.

ಕಲ್ಲಯ್ಯನವರು ಹಾಳೆಯನ್ನು ಅಂಗಿಯೊಳಗಿಟ್ಟುಕೊಂಡು ಸ್ಟೇಷನ್ನಿಗೆ ಹೋಗುವ ಬದಲು ಕೋಟೆಯ ಕಡೆಗೆ ನಡೆದರು. ಕಂದಕದ ದಂಡೆಯಲ್ಲಿ ಕುಳಿತು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಓಣಿಯ ಎಷ್ಟೋ ಕೂಸುಗಳ ಹಣೆ ಮುಟ್ಟಿದ ಕೈ ಅದು. ಇದನ್ನು ಇನ್ನೊಂದು ಕೂಸಿನ ಹಣೆಗೆ ಹಚ್ಚಬಹುದೋ ಬಾರದೋ? ಆ ಒಂದು ಪ್ರಶ್ನೆ ಅವತ್ತು ಅವರ ಬೆನ್ನಿಗೆ ಬಿತ್ತು. ಕೇಳುವುದಕ್ಕೆ ಮನೆಯಲ್ಲಿ ಗಂಗಾದೇವಿ ಇರಲಿಲ್ಲ, ಮಠಗಳ ಹಿರಿಯರಿಗೆ ಪೆಟ್ಟಿಗೆಯ ಶಾಸ್ತ್ರ ಗೊತ್ತಿರಲಿಲ್ಲ. ಅಷ್ಟರಲ್ಲಿ ಊರಿಗೆ ಹೋಗುವ ಎರಡು ರೈಲು ತಪ್ಪಿಹೋದವು.

ಕೊನೆಗೆ ಅವರು ದಿಲ್ಲಿಗೇ ಬರೆದರು. ತಾಲೂಕು ಕಚೇರಿಯ ಹೊರಗೆ ಕೂಡುವ ಅರ್ಜಿ ಬರೆಯುವವನಿಂದ ಚಿತ್ರದ ಸಂಗತಿಯನ್ನೂ ಆ ದೇಶದ ಹೆಸರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆಸಿ, ಪುರಾವೆಗೆಂದು ಕೆಳಗೆ ಸಹಿಯ ಬದಲು ಮೂರು ಬೆರಳಿನ ಗೆರೆ ಎಳೆದರು. ತಾನು ಹಚ್ಚಿದ ಪೆಟ್ಟಿಗೆಗಳು ಎಲ್ಲಿ ಹೋದವು, ಅಲ್ಲಿಂದ ಎಲ್ಲಿ ಹೋದವು, ದಯವಿಟ್ಟು ತಿಳಿಸಬೇಕು. ಏಳು ತಿಂಗಳ ಮೇಲೆ ಉತ್ತರ ಬಂತು. ಸದರಿ ದೇಶಕ್ಕೆ ಈ ಇಲಾಖೆಯಿಂದ ಯಾವ ಪೆಟ್ಟಿಗೆಯೂ ಹೋಗಿಲ್ಲ. ಆದಕಾರಣ ಚಿತ್ರದಲ್ಲಿನ ಗುರುತು ಅರ್ಜಿದಾರರದಾಗಿರುವುದು ಸಾಧ್ಯವಿಲ್ಲ.

ಅರ್ಜಿ ಬರೆಯುವವನು ಅದನ್ನು ಓದಿ ಹೇಳಿ ಅಭಿನಂದಿಸಿದ. ಚಹಾದಂಗಡಿಯಲ್ಲಿಯೂ ಎಲ್ಲರೂ, ಬಿಡ್ರಿ ಅಯ್ಯನವರ, ಸರ್ಕಾರನ ಹೇಳ್ಯದ ಅಂದರು. ಪೆಟ್ಟಿಗೆ ನಿಮ್ಮದು ಎಂದು ಹತ್ತು ವರ್ಷ ಹಿಂದೆ ನಕ್ಷೆ ಕೊಟ್ಟಿದ್ದ ಸರ್ಕಾರ ಈಗ ಕೈಯೇ ನಿಮ್ಮದಲ್ಲ ಎಂದಿತ್ತು. ಕಲ್ಲಯ್ಯನವರು ಮೊದಲನೆಯದನ್ನು ನಂಬಿದ್ದರು. ಎರಡನೆಯದನ್ನು ನಂಬಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಗೋಡೆಯ ನಕ್ಷೆ ಇಳಿಸಿ, ಮುಖ ಕೆಳಗೆ ಮಾಡಿ, ಜೋಳದ ಗುಡಾಣದ ಹಿಂದೆ ಇಟ್ಟರು. ಮರುದಿನ ಮಿಲ್ಲಿಗೆ ಹೋಗಿ ಬಣ್ಣದ ಡಬ್ಬಿ ಮುಟ್ಟಲಿಲ್ಲ.

ಬೇರೆಯವರು ಬೆರಳದ್ದಿ ಎಳೆದರು. ಅವರ ಬೆರಳುಗಳೆಲ್ಲ ಪೂರ್ತಿ ಇದ್ದವು. ನಡುವಿನ ಗೆರೆ ನಾಲ್ಕು ಇಂಚು ಬಂತೆಂದು ಕಾರ್ಖಾನೆಯವರು ನಾನೂರು ಪೆಟ್ಟಿಗೆ ತಿರುಗಿ ಕಳಿಸಿದರು. ಗೆರೆ ಕೈಯಿಂದಲೇ ಬರಬೇಕಾದವು, ಅಳತೆಪಟ್ಟಿ ಹಿಡಿದು ಎಳೆದರೆ ಬಣ್ಣ ಹರಡುತ್ತಿತ್ತು. ಮಿಲ್ಲು ಎರಡು ವಾರ ನಿಂತಿತು. ಬೆಳಿಗ್ಗೆ ಎದುರಾದವರು ಕಲ್ಲಯ್ಯನವರಿಗೆ ಶರಣು ಹೇಳುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಲಕ್ಷ್ಮಪ್ಪ ಮನೆಗೆ ಬಂದು ಹೊಸ್ತಿಲಲ್ಲಿ ಕುಳಿತ. ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ, ನಗುವೂ ಇರಲಿಲ್ಲ.

"ಅಯ್ಯಾರ, ನೀವು ಹಚ್ಚದಿದ್ರ ಯುದ್ಧ ನಿಂದರ್ತದೇನ್ರಿ? ನಮ್ಮ ಒಲಿ ನಿಂದರ್ತದ."

"ನಿಂದರೂದಿಲ್ಲ ಲಕ್ಷ್ಮಪ್ಪ, ಗೊತ್ತೈತಿ. ಖರೇ, ಆ ಕೂಸಿನ ತಲಿ ಕಡೆ ನನ್ನ ಕೈ ಐತಿ."

ಲಕ್ಷ್ಮಪ್ಪ ಚೀಲದಿಂದ ಒಂದು ಕಾಗದ, ಒಂದು ಪೆನ್ಸಿಲ್ಲು ತೆಗೆದ. ಕೈಯ ಅಳತೆ ಕೊಡಿರಿ, ನೀವು ಬರುವುದೇನೂ ಬೇಡ ಎಂದ. ಕಲ್ಲಯ್ಯನವರು ಕಾಗದದ ಮೇಲೆ ಬಲಗೈ ಇಟ್ಟರು. ಮಿಲ್ಲಿನಲ್ಲಿ ಮೂವತ್ತು ಮನೆಯವರಿದ್ದರು, ಇನ್ನೇನು ಮಾಡುವುದು? ಲಕ್ಷ್ಮಪ್ಪ ಒಂದೊಂದೇ ಬೆರಳಿನ ಸುತ್ತ ಪೆನ್ಸಿಲ್ ಎಳೆದ. ಗಿಡ್ಡ ಬೆರಳಿನ ಸುತ್ತ ಎರಡು ಸಲ ಎಳೆದ.

ಅವನು ಸಾಗವಾನಿಯಲ್ಲಿ ಒಂದು ಕೈ ಕೆತ್ತಿದ. ತುದಿಗೆ ಅರಿವೆ ಸುತ್ತಿ ಬಣ್ಣದಲ್ಲಿ ಅದ್ದಿ ಎಳೆದರೆ ನಾಲ್ಕು, ಮೂರು, ನಾಲ್ಕು. ಕಾರ್ಖಾನೆಯವರು ಗುಣಮಟ್ಟ ಸುಧಾರಿಸಿದೆ ಎಂದು ಬರೆದರು. ಕಲ್ಲಯ್ಯನವರು ಕೆಲಸ ಬಿಟ್ಟರು. ಕಟ್ಟಿಗೆಯ ಕೈ ಅವರಿಗಿಂತ ಚುರುಕು, ಮೀಯುವುದಕ್ಕೂ ಹೊತ್ತು ಬೇಕಿರಲಿಲ್ಲ.

ಓಣಿಯಲ್ಲಿ ಹೊಸದು ಬಂದಾಗ ಈಗಲೂ ಕರೆ ಬರುತ್ತಿತ್ತು. ಕಲ್ಲಯ್ಯನವರಿಗೆ ಒಮ್ಮೆ ಜ್ವರ, ಒಮ್ಮೆ ಬೆಳಗಾವಿಗೆ ಹೋಗುವುದಿತ್ತು, ಒಮ್ಮೆ ಕಾಲು ಉಳುಕಿತ್ತು. ಹತ್ತು ಸಲ ಕರೆದ ಮೇಲೆ ಜನ ಪಕ್ಕದ ಓಣಿಯ ಅಯ್ಯನವರನ್ನು ಕರೆಯತೊಡಗಿದರು. ಮನೆಯಲ್ಲಿ ಒಬ್ಬರೇ ಕುಳಿತು, ತಮ್ಮ ಹಣೆಗೆ ತಾವು ಎಡಗೈಯಿಂದ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಜಂಗಮನಾದವನು ಎಡಗೈ ಬಳಸುವುದು ಎಂಥ ತಪ್ಪೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕದ ಹಾಕಿಕೊಂಡೇ ಹಚ್ಚುತ್ತಿದ್ದರು. ಮಿಲ್ಲಿನ ಗರಗಸದ ಸಪ್ಪಳ ಬೆಳಗಿನಿಂದ ಸಂಜೆಯವರೆಗೆ ಗೋಡೆ ದಾಟಿ ಬರುತ್ತಿತ್ತು. ಆದಿತ್ಯವಾರ ಅದೂ ಇರುತ್ತಿರಲಿಲ್ಲ. ಆ ದಿನ ಅವರಿಗೆ ಇನ್ನೂ ಉದ್ದವಾಗಿ ಕಾಣುತ್ತಿತ್ತು.

೧೯೮೫ರ ಬೇಸಿಗೆಯಲ್ಲಿ ಎದುರುಮನೆಯ ಶಿವಬಸವ್ವ ಹೊಸದಾಗಿ ಹುಟ್ಟಿದ ಮೊಮ್ಮಗಳನ್ನು ಎತ್ತಿಕೊಂಡು ತಾನೇ ಬಂದಳು. ಕರೆದರೆ ಕಾಲು ಉಳುಕುತ್ತದೆ ಎಂದು ಆಕೆಗೆ ಗೊತ್ತಿತ್ತು. ಆಕೆಯ ಮೂವರು ಮಕ್ಕಳಿಗೂ ಹಚ್ಚಿದ್ದು ಕಲ್ಲಯ್ಯನವರೇ. ಬಂದವಳು ಒಳಗೆ ಕುಳಿತು, ಕೂಸಿನ ಮಾತೆತ್ತದೆ, ಅವರ ಹಣೆಯನ್ನೇ ನೋಡಿದಳು.

"ಅಯ್ಯನವರ, ನಿಮ್ಮ ನಡು ಗೆರಿ ಪೂರಾ ಬಂದೈತಲ್ರಿ."

ಎರಡು ವರ್ಷದಲ್ಲಿ ಯಾರೂ ಅದನ್ನು ನೋಡಿರಲಿಲ್ಲ, ಅಥವಾ ನೋಡುವಷ್ಟು ಹತ್ತಿರ ಬಂದಿರಲಿಲ್ಲ. ಕಲ್ಲಯ್ಯನವರು ಎದ್ದು ಪುರಾಣದ ಪುಸ್ತಕದಲ್ಲಿಟ್ಟಿದ್ದ ವಾರಪತ್ರಿಕೆಯ ಆ ಹಾಳೆ ತೆಗೆದು ಆಕೆಯ ಮುಂದಿಟ್ಟರು. ಪೆಟ್ಟಿಗೆಯಿಂದ ಹಿಡಿದು ಎಡಗೈವರೆಗೆ ಎಲ್ಲ ಹೇಳಿದರು. ಶಿವಬಸವ್ವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೆಣ್ಣೇನ್ರಿ, ಗಂಡೇನ್ರಿ?"

"ಗೊತ್ತಾಗೂದಿಲ್ಲ ತಂಗಿ. ಬಟ್ಟಿ ಮುಚ್ಯಾರ."

ಆಕೆ ಹಾಳೆ ಮಡಚಿ ತಿರುಗಿ ಕೊಟ್ಟಳು. ಇದು ನಿಮ್ಮ ತಪ್ಪಲ್ಲ ಎಂದು ಆಕೆ ಹೇಳುತ್ತಾಳೆ ಎಂದು ಕಲ್ಲಯ್ಯನವರು ಕಾದರು, ಎಲ್ಲರೂ ಹೇಳಿದ್ದರು. ಶಿವಬಸವ್ವ ಹೇಳಲಿಲ್ಲ. ಕೂಸನ್ನು ಅವರ ಮುಂದೆ ಹಿಡಿದಳು. ಕಲ್ಲಯ್ಯನವರು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ತಲೆ ಅಲ್ಲಾಡಿಸಿದರು.

"ಹಂಗಾರ ನಾ ಹಚ್ತೀನ್ರಿ. ಬಸವಣ್ಣ ಬ್ಯಾಡಂದಿಲ್ಲ."

ಆಕೆ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ನೆನೆಸಿ, ಮೂರು ಬೆರಳಿಗೆ ಬಳಿದುಕೊಂಡು, ಕೂಸಿನ ಹಣೆಗೆ ಎಳೆದಳು. ಎಳೆಯುವಾಗ, ಬೇಕೆಂದು ಮಾಡಿದ್ದಲ್ಲ, ನಡುಬೆರಳನ್ನು ಮೊದಲಿಗೆ ತುಸು ಎತ್ತಿ ಆಮೇಲೆ ಊರಿದಳು. ಹುಟ್ಟಿದ ಕೂಸುಗಳ ಹಣೆ ಆಕೆ ನೋಡಿದ್ದೇ ಹಾಗೆ. ವಿಭೂತಿ ಎಂದರೆ ಆಕೆಯ ಕಣ್ಣಿಗೆ ಮೇಲೊಂದು, ಕೆಳಗೊಂದು, ನಡುವೆ ತಡವಾಗಿ ಶುರುವಾಗುವ ಇನ್ನೊಂದು.

ಕೂಸು ಕಣ್ಣು ಮುಚ್ಚಿ ಮಲಗಿತ್ತು. ಕಲ್ಲಯ್ಯನವರು ಬಗ್ಗಿ ಆ ಗೆರೆಗಳನ್ನು ನೋಡಿದರು. ಕೂಸಿನ ಹೊಟ್ಟೆ ಏಳುತ್ತದೋ ಇಲ್ಲವೋ ಎಂದು ನೋಡಿದರು. ಎದ್ದಿತು, ಇಳಿಯಿತು. ಗೆರೆ ಒರೆಸಿಬಿಡಬೇಕೆಂದು ಕೈ ಎತ್ತಿದರು. ಎತ್ತಿದ್ದು ಬಲಗೈ. ಅದನ್ನು ಹಾಗೆಯೇ ತಿರುಗಿ ತೊಡೆಯ ಮೇಲೆ ಇಟ್ಟುಕೊಂಡರು.

ಶಿವಬಸವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಸಂಜೆಗೆ ಹುಗ್ಗಿ ಕಳಿಸುತ್ತೇನೆ, ಒಲೆ ಹೊತ್ತಿಸಬೇಡಿರಿ ಎಂದು ಹೇಳಿ ಹೊಸ್ತಿಲು ದಾಟಿದಳು. ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯ ಸಪ್ಪಳ ಬಂತು. ಖಾನಾಪುರದಲ್ಲಿ ಅದು ನಿಲ್ಲುವುದಿಲ್ಲ. ಕಲ್ಲಯ್ಯನವರು ಅದು ದೂರವಾಗುವವರೆಗೆ ಸಪ್ಪಳದ ಮೇಲೆಯೇ ಡಬ್ಬಿಗಳನ್ನು ಎಣಿಸಿದರು, ಆಮೇಲೆ ಹಾಳೆಯನ್ನು ಪುಸ್ತಕದಲ್ಲಿಟ್ಟು ಕದವನ್ನು ಹಾಕದೆ ತೆರೆದೇ ಇಟ್ಟರು.